ಕರೆಂಟಿಲ್ಲದ ಮನೆಯ ಮಕ್ಕಳಿಗೆ ಯಾವ ಸೋಲಾರ್ ದೀಪ ಕೊಡಿಸಲಿ?

ಕಾಳಿದಂಡೆ ಟೀಚರ್:
ನಮಸ್ಕಾರ. ಜೊಯಿಡಾ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. 14 ಮಕ್ಕಳು, ಹೆಚ್ಚಿನವರು ಕುಣಬಿ ಮನೆಯವರು. ಕರೆಂಟ್ ತಯಾರಿಸುವ ಸೂಪಾ ಡ್ಯಾಮ್ ನಮ್ಮ ತಾಲ್ಲೂಕಿನಲ್ಲೇ ಇದೆ, ಆದರೆ ಕಾಡೊಳಗಿನ ಈ ಮನೆಗಳಿಗೆ ತಂತಿ ಬಂದಿಲ್ಲ. ಮೊನ್ನೆ ಮೂರನೇ ಕ್ಲಾಸಿನ ಹುಡುಗಿಯ ನೋಟ್‌ಬುಕ್ ನೋಡಿದೆ. ಪುಟದ ಮೇಲಂಚು ಸುಟ್ಟು ಕಂದಾಗಿತ್ತು. ಚಿಮಣಿ ದೀಪಕ್ಕೆ ಅಷ್ಟು ಹತ್ತಿರ ಹಿಡಿದು ಬರೆದಿದ್ದಾಳೆ. ಸ್ವಲ್ಪ ದುಡ್ಡು ಒಟ್ಟಾಗಿದೆ. ಮಗುವಿಗೊಂದು ದೀಪ, ಜೊತೆಗೆ ಸಣ್ಣ ಪ್ಯಾನಲ್ ಕೊಡಿಸಿದರೆ ಸಾಕಾ?

ಹಂಚಿನಮನೆ:
ಖಂಡಿತ ಕೊಡಿಸಿ ಅಕ್ಕೋರೇ. ಹೊಗೆ ಇಲ್ಲ, ಬೆಂಕಿಯ ಭಯವೂ ಇಲ್ಲ.

ಶಿರಸಿ ರಿಪೇರಿ:
ಅಕ್ಕೋರೇ, ನಾನು ಹತ್ತನೇ ಕ್ಲಾಸಿನವರೆಗೂ ಚಿಮಣಿ ದೀಪದಲ್ಲೇ ಓದಿದವನು. ಬೆಳಿಗ್ಗೆ ಮೂಗು ಒರೆಸಿದರೆ ಬಟ್ಟೆಗೆಲ್ಲ ಮಸಿ. ಈಗ ಸೋಲಾರ್ ರಿಪೇರಿ ಮಾಡುತ್ತೇನೆ. ದಯವಿಟ್ಟು ಮನೆಗೊಂದು ಪ್ಯಾನಲ್ ಬೇಡ. ಆ ಮನೆಗಳು ಮರದ ಕೆಳಗೇ ಇರುತ್ತವೆ ಅಲ್ವಾ? ಪ್ಯಾನಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಚಾರ್ಜ್ ತುಂಬಾ ಇಳಿಯುತ್ತದೆ. ಮಳೆಗಾಲದಲ್ಲಂತೂ ಕೇಳೋದೇ ಬೇಡ.

ಶಾಲೆಯ ಮಾಡಿನ ಮೇಲೆ ಒಂದೇ 100 ವ್ಯಾಟ್ ಪ್ಯಾನಲ್ ಹಾಕಿಸಿ, ಮುಖ ದಕ್ಷಿಣಕ್ಕಿರಲಿ. ಮಕ್ಕಳು ಬೆಳಿಗ್ಗೆ ಬ್ಯಾಟರಿ ತಂದು ಚಾರ್ಜಿಗಿಟ್ಟು ಸಂಜೆ ಒಯ್ಯಲಿ. ಸೆಲ್ಕೋದವರು ನಮ್ಮ ರಾಜ್ಯದ ಶಾಲೆಗಳಲ್ಲಿ ಮಾಡಿದ್ದು ಇದನ್ನೇ. ಹರೀಶ್ ಹಂದೆ ಅವರು 1995ರಲ್ಲಿ ಕಟ್ಟಿದ ಸೋಲಾರ್ ಸಂಸ್ಥೆ ಅದು, ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದೀಪ ಬೇಕೆಂದರೆ ಮಗು ಶಾಲೆಗೆ ಬರಲೇಬೇಕು, ಅದು ನನಗೆ ಬಹಳ ಹಿಡಿಸಿತು.

ಲೆಕ್ಕ ಹೀಗೆ. 2 ವ್ಯಾಟ್ ಎಲ್‌ಇಡಿ ದಿನಕ್ಕೆ ನಾಲ್ಕು ಗಂಟೆ ಉರಿದರೆ 8 ವ್ಯಾಟ್ ಅವರ್. 14 ದೀಪಕ್ಕೆ 112. ಒಳ್ಳೆ ಬಿಸಿಲಿದ್ದರೆ 100 ವ್ಯಾಟ್ ಪ್ಯಾನಲ್ ಅದರ ಎರಡು ಮೂರು ಪಟ್ಟು ಕೊಡುತ್ತದೆ. ಮೋಡದ ದಿನಕ್ಕೆ ಆ ಹೆಚ್ಚುವರಿ ಬೇಕೇ ಬೇಕು.

ಇನ್ನೊಂದು ಮಾತು. ಒಮ್ಮೆ ಒಬ್ಬರು ಅಕ್ಕಿ ಚೀಲದಲ್ಲಿ 18 ದೀಪ ತುಂಬಿಕೊಂಡು ನನ್ನ ಹತ್ತಿರ ಬಂದರು. ಯಾರೋ ದಾನ ಕೊಟ್ಟಿದ್ದು. ಎರಡೇ ವರ್ಷಕ್ಕೆ ಬ್ಯಾಟರಿ ಊದಿಕೊಂಡಿತ್ತು. ಡಬ್ಬಿಗೆ ಗಮ್ ಹಾಕಿ ಅಂಟಿಸಿದ್ದರು, ಬಿಚ್ಚಲು ಹೋದರೆ ಒಡೆಯುತ್ತಿತ್ತು. ಒಂದನ್ನೂ ಉಳಿಸಲಾಗಲಿಲ್ಲ. ಆ ಚೀಲ ನೋಡಿ ತುಂಬಾ ಬೇಜಾರಾಯಿತು. ಸ್ಕ್ರೂ ಇರುವ ದೀಪವನ್ನೇ ತಗೊಳ್ಳಿ. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಇರಲಿ, ಜಾಸ್ತಿ ವರ್ಷ ಬಾಳುತ್ತದೆ. ದುಡ್ಡಿನಲ್ಲಿ ಸ್ವಲ್ಪ ಬ್ಯಾಟರಿ ಬದಲಾಯಿಸೋಕೆ ಅಂತ ಎತ್ತಿಡಿ.

ಕಾಳಿದಂಡೆ ಟೀಚರ್:
ಇದು ನನಗೆ ಹೊಳೆದೇ ಇರಲಿಲ್ಲ. ಭಾನುವಾರ, ಬೇಸಿಗೆ ರಜೆ ಬಂದರೆ?

ಶಿರಸಿ ರಿಪೇರಿ:
ಭಾನುವಾರಕ್ಕೆ ಶನಿವಾರದ ಚಾರ್ಜನ್ನೇ ಮಂದ ಬೆಳಕಿನಲ್ಲಿ ಉಳಿಸಿಕೊಳ್ಳಬಹುದು. ರಜೆಯಲ್ಲಿ ಬಿಸಿಯೂಟದ ಅಕ್ಕನ ಹತ್ತಿರ ಬೀಗದ ಕೈ ಕೊಟ್ಟಿರಿ. ಮೊದಲ ಸಲ ಪ್ಯಾನಲ್ ಕೂರಿಸುವಾಗ ಹೇಳಿ, ಒಂದು ಭಾನುವಾರ ನಾನೇ ಬರ್ತೀನಿ.