ದೊಡ್ಡಪ್ಪನ ನೆಗಡಿ ಮಾತ್ರೆ

ಶಾರದತ್ತೆ: (ಫಾರ್ವರ್ಡ್) ⚠️ ಎಚ್ಚರ! ನೆಗಡಿ ಮಾತ್ರೆ ಅಮೆರಿಕದಲ್ಲಿ ಬ್ಯಾನ್! ಬಿಪಿ ಇರುವವರು ಒಂದೇ ಒಂದು ನುಂಗಿದರೂ ಹಾರ್ಟ್ ಅಟ್ಯಾಕ್! ಎಲ್ಲರಿಗೂ ಕಳಿಸಿ 🙏🙏

ಶಾರದತ್ತೆ: ಅಣ್ಣಾ, ಮೂಗು ಕಟ್ಟಿದೆ ಅಂತ ನಿನ್ನೆ ಮೆಡಿಕಲ್ ಶಾಪಿಗೆ ಹೋಗಿದ್ದೆ ಅಲ್ವಾ? ಇದನ್ನ ಓದು.

ರಘಣ್ಣ: ಅತ್ತೆ, ಯಾರು ಬರೆದಿದ್ದು ಇದು? ಯಾವ ಮಾತ್ರೆ ಅಂತಾನೂ ಇಲ್ಲ.

ಶಾರದತ್ತೆ: ನಮ್ಮ ಯೋಗ ಕ್ಲಾಸಿನವರು ಕಳಿಸಿದ್ದು. ಅವರೇನು ಸುಳ್ಳು ಹೇಳುತ್ತಾರಾ?

ರಘಣ್ಣ: ಬಿಸಿನೀರು ಕುಡಿದರೆ ಶುಗರ್ ಹೋಗುತ್ತೆ ಅಂತ ಕಳಿಸಿದ್ದೂ ಅವರೇ.

ದೊಡ್ಡಪ್ಪ: ರಘು, ದೊಡ್ಡವರ ಹತ್ತಿರ ಮಾತಾಡುವ ರೀತಿ ಇದಲ್ಲ. ನಾವೆಲ್ಲ ಶುಂಠಿ, ಮೆಣಸಿನ ಕಷಾಯ ಕುಡಿದು ಕೆಲಸಕ್ಕೆ ಹೋಗುತ್ತಿದ್ದೆವು. ನಿಮಗೆ ಎಲ್ಲದಕ್ಕೂ ಮಾತ್ರೆ ಬೇಕು.

ರಘಣ್ಣ: ಮಾತ್ರೆ ತಂದಿದ್ದು ನೀವೇ ದೊಡ್ಡಪ್ಪ.

ಮಂಜಕ್ಕ: ಕಷಾಯ ಅಂದ ತಕ್ಷಣ ಬಸವನಗುಡಿ ಮನೆ ನೆನಪಾಯಿತು 😍 ಕಡಲೆಕಾಯಿ ಪರಿಷೆ ಸುತ್ತಿ ಬಂದರೆ ಮಕ್ಕಳಿಗೆಲ್ಲ ನೆಗಡಿ. ಅಜ್ಜಿ ಸಾಲಾಗಿ ಕೂರಿಸಿ ಹಣೆಗೆ ಅಮೃತಾಂಜನ ಹಚ್ಚುತ್ತಿದ್ದರು. ಆ ತಾಮ್ರದ ಹಂಡೆ ಈಗ ಯಾರ ಮನೆಯಲ್ಲಿದೆ?

ಶಾರದತ್ತೆ: ಎಲ್ಲರಿಗೂ ಗೊತ್ತಿರುವುದೇ. ಮನೆ ಮಾರುವಾಗ ನನ್ನನ್ನು ಯಾರು ಕೇಳಿದರು?

ದೊಡ್ಡಪ್ಪ: ಆ ವಿಷಯ ಇಲ್ಲಿ ಬೇಡ ಶಾರದಾ.

ನಾನು: ದೊಡ್ಡಪ್ಪ, ಮೊದಲು ಆ ಸ್ಟ್ರಿಪ್‌ನ ಹಿಂಭಾಗದ ಫೋಟೋ ಹಾಕಿ.

ದೊಡ್ಡಪ್ಪ: (ಫೋಟೋ)

ನಾನು: ಪ್ಯಾರಾಸಿಟಮಾಲ್ 500, ಫಿನೈಲೆಫ್ರಿನ್ 10, ಕ್ಲೋರ್‌ಫೆನಿರಮಿನ್ 2 ಮಿ.ಗ್ರಾಂ. ಫಾರ್ವರ್ಡಿನ ಮಾತು ತಪ್ಪು, ಅತ್ತೆಯ ಭಯ ತಪ್ಪಲ್ಲ. ಮೂಗು ಬಿಡಿಸಲೆಂದು ಹಾಕುವ ಫಿನೈಲೆಫ್ರಿನ್ ನುಂಗಿದರೆ ಮೂಗು ಬಿಡುವುದೇ ಇಲ್ಲ ಅಂತ 2024ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಚೀಟಿಯಿಲ್ಲದೆ ಸಿಗುವ ಮಾತ್ರೆಗಳಿಂದ ತೆಗೆಯುವ ಪ್ರಸ್ತಾಪ ಮಾಡಿತು. ಹಾರ್ಟ್ ಅಟ್ಯಾಕ್ ಕಾರಣಕ್ಕಲ್ಲ. ಆದರೆ ಈ ಜಾತಿಯ ಔಷಧಿ ರಕ್ತನಾಳ ಬಿಗಿ ಮಾಡುತ್ತೆ, ಬಿಪಿ ಏರಬಹುದು. ನಿಮಗೆ ಪ್ರಾಸ್ಟೇಟ್ ತೊಂದರೆ ಬೇರೆ ಇದೆ, ಮೂತ್ರ ಕಟ್ಟಬಹುದು. ಸೀನು ತಡೆಯಲು ಹಾಕುವ ಕ್ಲೋರ್‌ಫೆನಿರಮಿನ್‌ನಿಂದಲೂ ಅದೇ ತೊಂದರೆ. ಹೃದಯದ ಕಾಯಿಲೆ, ಗ್ಲುಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಥೈರಾಯ್ಡ್ ಜಾಸ್ತಿ ಇರುವವರೂ ಡಾಕ್ಟರನ್ನು ಕೇಳದೆ ತಗೋಬಾರದು.

ದೊಡ್ಡಪ್ಪ: ಅಂಗಡಿ ಹುಡುಗ ಏನೂ ಕೇಳಲಿಲ್ಲ.

ನಾನು: ನಾವೇ ಹೇಳಬೇಕು ದೊಡ್ಡಪ್ಪ. ಬಿಪಿ ಇದೆ, ಇಂಥ ಮಾತ್ರೆ ತಗೊಳ್ಳುತ್ತಿದ್ದೇನೆ ಅಂತ.

ಮಂಜಕ್ಕ: ನಾನು ಮೂಗಿಗೆ ಹನಿ ಹಾಕಿಕೊಳ್ಳುತ್ತೇನೆ, ಅದು ಪರವಾಗಿಲ್ವಾ?

ನಾನು: ಕ್ಸೈಲೋಮೆಟಜೋಲಿನ್ ಆದರೆ ಅದೂ ಇದೇ ಜಾತಿ. ಸುಮ್ನೆ ದಿನಗಟ್ಟಲೆ ಹಾಕಿದರೆ, ಬಿಟ್ಟ ಮೇಲೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತೆ. ದೊಡ್ಡಪ್ಪ, ನಿಮಗೆ ಬರೀ ಉಪ್ಪುನೀರಿನ ಸಲೈನ್ ಸ್ಪ್ರೇ ಸಾಕು, ಅದು ಬಿಪಿ ಏರಿಸುವುದಿಲ್ಲ. ಆ ಮಾತ್ರೆಯನ್ನು ಇನ್ನು ನುಂಗಬೇಡಿ. ಮೂತ್ರ ಕಟ್ಟಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ದೊಡ್ಡಪ್ಪ: ಸರಿ. ಡ್ರಾಯರಿನಲ್ಲಿ ಹಾಕಿಟ್ಟೆ.

ರಘಣ್ಣ: ಡ್ರಾಯರಿನಲ್ಲಿ ಯಾಕೆ, ಎಸೆಯಿರಿ. ಅತ್ತೆ, ನೀವು ಆ ಫಾರ್ವರ್ಡ್ ಡಿಲೀಟ್ ಮಾಡಿ.

ಶಾರದತ್ತೆ: ಮಾಡಲ್ಲ. ಅದನ್ನು ಹಾಕಿದ್ದಕ್ಕೆ ತಾನೇ ಅಣ್ಣ ಸ್ಟ್ರಿಪ್ ತೋರಿಸಿದ್ದು?