ನಿಧಾನದ ಸಿನಿಮಾ, ಹಲವು ಎಳೆಗಳ ಕಾದಂಬರಿ: ಚಿಕ್ಕಪ್ಪನಿಗೊಂದು ಉತ್ತರ

ಚಿಕ್ಕಪ್ಪ, ನಮಸ್ಕಾರ. ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಹಾಕಿದ್ದನ್ನು ಎರಡು ಸಲ ಓದಿದೆ. ಮೂರು ಗಂಟೆ ಕೂತರೂ ಏನೂ ನಡೆಯದ ಸಿನಿಮಾವನ್ನು ಏಕೆ ನೋಡಬೇಕು ಎಂದು ನೀವು ಕೇಳಿದ್ದೀರಿ. ಅದರ ಕೆಳಗೇ ಅಕ್ಕ, ಹಲವು ಮನೆಗಳ ಕಥೆ ಹೇಳುವ ಕಾದಂಬರಿಯಲ್ಲಿ ಒಬ್ಬರ ಮೇಲೆ ಮನಸ್ಸು ಕೂರುವಷ್ಟರಲ್ಲಿ ಕಥೆ ಇನ್ನೊಬ್ಬರ ಮನೆಗೆ ಹೊರಟುಬಿಡುತ್ತದೆ, ಹೆಸರುಗಳೂ ಮರೆತುಹೋಗುತ್ತವೆ ಎಂದು ಬೇಸರಪಟ್ಟಿದ್ದಾಳೆ. ಟೈಪ್ ಮಾಡಿ ಮುಗಿಯುವ ಮಾತಲ್ಲವಾದ್ದರಿಂದ ಧ್ವನಿಯಲ್ಲೇ ಹೇಳುತ್ತಿದ್ದೇನೆ, ಸ್ವಲ್ಪ ಉದ್ದವಾದೀತು.

ಏನೂ ನಡೆಯುವುದಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ. ಬೆಲ್ಜಿಯಂನ ನಿರ್ದೇಶಕಿ ಷಾಂತಲ್ ಅಕೆರ್ಮಾನ್ 1975ರಲ್ಲಿ ತೆಗೆದ ‘ಝಾನ್ ದಿಯೆಲ್ಮಾನ್’ 201 ನಿಮಿಷದ ಸಿನಿಮಾ. ಒಬ್ಬ ವಿಧವೆಯ ಮೂರು ದಿನಗಳು, ಅಷ್ಟೇ. ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು, ದೀಪ ಆರಿಸುವುದು ಎಲ್ಲವೂ ಕತ್ತರಿ ಬೀಳದೆ ಪೂರ್ತಿ ನಡೆಯುತ್ತವೆ. ಮೊದಲ ದಿನ ಅವಳ ಕೈಕೆಲಸದ ಅಚ್ಚುಕಟ್ಟು ನಮಗೆ ಅಭ್ಯಾಸವಾಗಿರುತ್ತದೆ. ಎರಡನೆಯ ದಿನ ಆಲೂಗಡ್ಡೆ ಅತಿಯಾಗಿ ಬೆಂದುಹೋಗುತ್ತದೆ. ಆ ಪಾತ್ರೆ ಹಿಡಿದು ಎಲ್ಲಿಡಬೇಕೆಂದು ತೋಚದೆ ಅವಳು ಮನೆಯೊಳಗೆ ಓಡಾಡುತ್ತಾಳೆ. ಬೇರೆ ಸಿನಿಮಾದಲ್ಲಿ ಇದು ಗಮನಕ್ಕೂ ಬರುತ್ತಿರಲಿಲ್ಲ. ಇಲ್ಲಿ ನನಗೆ ಎದೆ ಧಸಕ್ಕೆಂದಿತು, ಏಕೆಂದರೆ ಹಿಂದಿನ ದಿನವನ್ನು ಅವಳ ಜೊತೆ ನಾನೂ ಕಳೆದಿದ್ದೆ. ಕತ್ತರಿಸಿ ಚಿಕ್ಕದು ಮಾಡಿದ್ದರೆ ಆ ಗಾಬರಿ ನನಗೆ ಸಿಗುತ್ತಿರಲಿಲ್ಲ. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಎಂಬ ಬ್ರಿಟಿಷ್ ಸಿನಿಮಾ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಸಿನಿಮಾಗಳಿಗಾಗಿ ನಡೆಸಿದ ವಿಮರ್ಶಕರ ಮತದಾನದಲ್ಲಿ ಇದೇ ಸಿನಿಮಾ ಮೊದಲ ಸ್ಥಾನ ಪಡೆಯಿತು.

ಹಾಗೆಂದು ನಿಧಾನವಾಗಿ ಸಾಗುವುದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಒಂದೇ ಕೋಣೆಯನ್ನು ಎರಡನೆಯ ಸಲ ತೋರಿಸಿದಾಗ ಅಲ್ಲಿ ಏನೂ ಬದಲಾಗಿರದಿದ್ದರೆ, ನೋಡುವವನಲ್ಲೂ ಬದಲಾಗಿರದಿದ್ದರೆ, ನಿಮ್ಮ ಬೇಸರವೇ ಸರಿ.

ಅಕ್ಕಾ, ನಿನ್ನ ಮಾತಿಗೆ ಬರುತ್ತೇನೆ. ಟಾಲ್‌ಸ್ಟಾಯ್ ಬರೆದ ‘ಅನ್ನಾ ಕರೆನಿನಾ’ದ ಹೆಸರು ನೋಡಿದರೆ ಒಬ್ಬಳದೇ ಕಥೆ ಅನ್ನಿಸುತ್ತದೆ, ಆದರೆ ಪುಸ್ತಕದ ಒಂದು ದೊಡ್ಡ ಭಾಗ ಲೆವಿನ್ ಎಂಬ ಜಮೀನ್ದಾರನದು. ಎಂಟು ಭಾಗಗಳ ಆ ಕಾದಂಬರಿಯಲ್ಲಿ ಅವರಿಬ್ಬರು ಮುಖಾಮುಖಿಯಾಗುವುದು ಏಳನೆಯ ಭಾಗದಲ್ಲಿ, ಅದೂ ಒಂದೇ ಒಂದು ಸಂಜೆ. ಮೊದಲ ಸಲ ಓದುವಾಗ, ಲೆವಿನ್ ರೈತರೊಡನೆ ಸಾಲಾಗಿ ನಿಂತು ಹುಲ್ಲು ಕೊಯ್ಯುವ ಪುಟಗಳನ್ನು, ಅನ್ನಾಳ ಕಥೆಗೆ ಯಾವಾಗ ಮರಳುತ್ತೇನೋ ಎಂಬ ಅವಸರದಲ್ಲಿ ಹಾರಿಸಿಕೊಂಡು ಹೋಗಿದ್ದೆ, ಅದು ನನ್ನ ತಪ್ಪು. ಎರಡನೆಯ ಸಲ ಆ ಪುಟಗಳಲ್ಲಿ ನಿಂತೆ: ಬೆವರು, ಕುಡುಗೋಲಿನ ಲಯ, ಹೊತ್ತು ಹೋದದ್ದೇ ತಿಳಿಯದ ದುಡಿತ. ಗಂಡನನ್ನು ಬಿಟ್ಟು ಪ್ರಿಯಕರನೊಡನೆ ಬದುಕುವ ಅನ್ನಾಳಿಗೆ ದಿನೇ ದಿನೇ ಉಸಿರು ಕಟ್ಟುತ್ತಿರುವುದು ಎಷ್ಟು ಎಂಬುದು ಆ ಬಯಲಿನಲ್ಲಿ ನಿಂತಾಗಲೇ ನನಗೆ ತಿಳಿದದ್ದು. ಪ್ರತಿ ಅಧ್ಯಾಯವನ್ನೂ ಕುತೂಹಲದ ತುದಿಯಲ್ಲಿ ನಿಲ್ಲಿಸಿ ಬೇರೆ ಎಳೆಗೆ ಜಿಗಿಯುವ ಪುಸ್ತಕಗಳ ಬಗ್ಗೆ ನೀನು ಸಿಟ್ಟಾದರೆ ನಾನೂ ನಿನ್ನ ಪಕ್ಷವೇ, ಅಲ್ಲಿ ಒಂದು ಎಳೆ ಇನ್ನೊಂದಕ್ಕೆ ಏನನ್ನೂ ಕೊಡುವುದಿಲ್ಲ. ಹೆಸರುಗಳು ಮರೆಯುತ್ತವೆ ಎಂಬುದಕ್ಕೆ ಮಾತ್ರ ಸುಲಭದ ಉಪಾಯವಿದೆ, ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಯಾರಿಗೆ ಯಾರು ಏನಾಗಬೇಕು ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾ ಹೋಗು.

ಚಿಕ್ಕಪ್ಪ, ಆ ಸಿನಿಮಾವನ್ನು ಭಾನುವಾರ ಫೋನು ಪಕ್ಕಕ್ಕಿಟ್ಟು ನೋಡಿ. ಮೂರನೆಯ ದಿನ ಏನಾಗುತ್ತದೆಂದು ನಾನು ಹೇಳುವುದಿಲ್ಲ. ಎರಡನೆಯ ದಿನದ ಆಲೂಗಡ್ಡೆಯವರೆಗೆ ಬಂದ ಮೇಲೂ ಬೇಸರವೇ ಆದರೆ ಅಲ್ಲಿಗೇ ನಿಲ್ಲಿಸಿಬಿಡಿ, ನಾನು ಒತ್ತಾಯ ಮಾಡುವುದಿಲ್ಲ.