ಅಪ್‌ಡೇಟ್: ಹೋಂಸ್ಟೇ ನಡೆಸೋಳಿಗೆ ಸಬ್ಬತ್ ವಿಶ್ರಾಂತಿ

ಕಾರವಾರದಲ್ಲಿ ಹೋಂಸ್ಟೇ ಇದೆ, ವಾರದ ಕೊನೆಗೇ ಗಿರಾಕಿ ಜಾಸ್ತಿ, ಕ್ರೈಸ್ತಳಾಗಿ ಸಬ್ಬತ್ (ಕೆಲಸ ಬಿಟ್ಟು ದೇವರಿಗೆ ಮೀಸಲಿಡೋ ವಾರದ ವಿಶ್ರಾಂತಿ ದಿನ) ಹೇಗೆ ಪಾಲಿಸಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

‘ಭಾನುವಾರ ಬುಕಿಂಗೇ ಬೇಡ’ ಅಂದವರ ಸಲಹೆ ನಡೆಯಲಿಲ್ಲ. ಸಾಲದ ಕಂತು ಬಿಡಬೇಕಲ್ಲ! ಶನಿವಾರ ಸಂಜೆ ಚರ್ಚಿನ ಬಲಿಪೂಜೆಗೆ (ಮಾಸ್) ಬಂದರೂ ಭಾನುವಾರ ಪೂಜೆಗೆ ಬರಬೇಕಾದ ಕರ್ತವ್ಯ ತೀರುತ್ತದೆ ಅಂದ್ರು ನಮ್ಮ ಫಾದರ್. ಅರ್ಧ ತಲೆನೋವು ಅಲ್ಲೇ ಹೋಯ್ತು.

ಇನ್ನು ವಿಶ್ರಾಂತಿ. ಯೆಹೂದ್ಯರು ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಗೆ ಸಬ್ಬತ್ ಎಣಿಸ್ತಾರೆ. ಆ ಲೆಕ್ಕವನ್ನೇ ಹಿಡಿದು, ಭಾನುವಾರ ಸಂಜೆಯಿಂದ ಸೋಮವಾರ ಸಂಜೆವರೆಗೆ ಗೇಟಿಗೆ ಬೀಗ, ಫೋನು ಅತ್ತೆಯ ಕಪಾಟಿನಲ್ಲಿ. ಬಂಗಡೆ ಸಾರು ಮೊದಲೇ ಮಾಡಿಟ್ಟಿರ್ತೇನೆ. ಮರುದಿನಕ್ಕೆ ಹುಳಿ-ಖಾರ ಎಳೆದುಕೊಂಡು ಇನ್ನೂ ರುಚಿ.

ಬೈಬಲಿನ ವಿಮೋಚನಕಾಂಡ 20:10 ಓದಿ ಅಂದವರಿಗೆ ವಿಶೇಷ ಥ್ಯಾಂಕ್ಸ್. ಮಗ, ಮಗಳು, ಆಳು, ದನಕರು, ಪರದೇಶಿ ಎಲ್ಲರಿಗೂ ಬಿಡುವು ಅಂತಿದೆ ಅಲ್ಲಿ. (ಹೆಂಡತಿಯ ಮಾತೇ ಇಲ್ಲ, ಗಮನಿಸಿದ್ರಾ?) ಹಾಗಾಗಿ ಪಾತ್ರೆ ತೊಳೆಯೋ ಅಕ್ಕನಿಗೂ ಈಗ ಸೋಮವಾರ ಸಂಬಳ ಕಡಿತವಿಲ್ಲದ ರಜೆ. ಅವಳು ಮೊದಲು ನಂಬಲಿಲ್ಲ, ಕೆಲಸ ಬಿಡಿಸ್ತಿದ್ದೀನಿ ಅಂದುಕೊಂಡಿದ್ದಳು.

ಡಿಸೆಂಬರ್ ರಶ್ಶಿನಲ್ಲಿ ಇದು ನಡೆಯುತ್ತಾ ಅನ್ನೋದೇ ಅನುಮಾನ. ಗೋಕರ್ಣದ ಕಡೆ ಹೋಂಸ್ಟೇ ಇಟ್ಟವರಿದ್ದರೆ ಕ್ರಿಸ್ಮಸ್ ವಾರ ಹೇಗೆ ಸುಧಾರಿಸ್ತೀರಿ, ಹೇಳಿ.